ಕ್ರಿಸ್‌ಮಸ್ ರಜೆಗೆ ಎಲ್ಲಿಗೆ? ಊರು ಆರಿಸುವ ಮುನ್ನ ಏಳು ಹೆಜ್ಜೆ

ಡಿಸೆಂಬರ್ 24ರ ಸಂಜೆ ಬೆಂಗಳೂರಿನ ಮೆಜೆಸ್ಟಿಕ್, ಯಶವಂತಪುರ, ಸ್ಯಾಟಲೈಟ್ ಬಸ್ ನಿಲ್ದಾಣ ಎಲ್ಲಿ ನೋಡಿದರೂ ಬ್ಯಾಗು, ಮಕ್ಕಳು, ಸ್ವೆಟರು. ಹೀಗೆ ಹೊರಟವರಲ್ಲಿ ಬಹಳ ಜನ ಸೇರುವುದು ಬೆರಳೆಣಿಕೆಯ ಜಾಗಗಳಿಗೆ: ಗೋವಾ, ಊಟಿ, ಮಡಿಕೇರಿ, ಚಿಕ್ಕಮಗಳೂರು, ವಯನಾಡು, ಮುನ್ನಾರ್. ಘಾಟಿಯಲ್ಲಿ ವಾಹನಗಳ ಸಾಲು, ದುಪ್ಪಟ್ಟು ಬಾಡಿಗೆಯ ರೂಮು, ಹೋಟೆಲ್ ಮುಂದೆ ಊಟಕ್ಕೆ ಕಾಯುವ ಗುಂಪು. ನಾಲ್ಕು ದಿನದ ರಜೆಯಲ್ಲಿ ಒಂದೂವರೆ ದಿನ ಇದರಲ್ಲೇ ಕಳೆದುಹೋಗುತ್ತದೆ.

ಇದಕ್ಕೆ ಕಾರಣ ಆ ಊರುಗಳಲ್ಲ, ಆರಿಸುವ ಕ್ರಮ. ಮೊದಲು ಊರಿನ ಹೆಸರು ಹೇಳಿ ಆಮೇಲೆ ರಜೆ, ಟಿಕೆಟ್, ಹವೆ ಎಲ್ಲವನ್ನೂ ಅದಕ್ಕೆ ಹೊಂದಿಸುವುದು ಹೆಚ್ಚಿನ ಮನೆಗಳ ರೂಢಿ. ಅದನ್ನು ತಿರುಗಿಸಿ, ಡಿಸೆಂಬರ್ ಕೊನೆಯ ವಾರದಲ್ಲಿ ಯಾವ ಊರು ತನ್ನ ಒಳ್ಳೆಯ ಕಾಲದಲ್ಲಿರುತ್ತದೆ ಎಂದು ಹುಡುಕಿದರೆ ಪಟ್ಟಿಯೇ ಬದಲಾಗುತ್ತದೆ. ಹಾಗೆ ಹುಡುಕುವ ಏಳು ಹೆಜ್ಜೆಗಳು ಇಲ್ಲಿವೆ.

1. ರಜೆಯನ್ನು ರಾತ್ರಿಗಳಲ್ಲಿ ಎಣಿಸಿ

ಕರ್ನಾಟಕದಲ್ಲಿ ಎಲ್ಲ ಮಕ್ಕಳಿಗೂ ಒಂದೇ ರೀತಿಯ ಕ್ರಿಸ್‌ಮಸ್ ರಜೆ ಇರುವುದಿಲ್ಲ. ರಾಜ್ಯ ಪಠ್ಯಕ್ರಮದ ಹೆಚ್ಚಿನ ಶಾಲೆಗಳಲ್ಲಿ ದೊಡ್ಡ ರಜೆ ದಸರೆಗೆ ಮುಗಿದಿರುತ್ತದೆ. ದಸರಾ ರಜೆಯನ್ನು ಕಡಿಮೆ ಮಾಡಿ ಕ್ರಿಸ್‌ಮಸ್‌ಗೆ ರಜೆ ಕೊಡುವ ಮಿಷನರಿ ಶಾಲೆಗಳಿವೆ; ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಲೆಕ್ಕ ಬೇರೆ. ಅಕ್ಕ-ತಂಗಿಯರ ಮಕ್ಕಳೆಲ್ಲ ಸೇರಿ ಹೊರಡುವ ಮನೆಯಾದರೆ, ಎಲ್ಲರ ರಜೆಯೂ ಕೂಡುವ ದಿನಗಳನ್ನು ಮೊದಲು ಗುರುತು ಹಾಕಿಕೊಳ್ಳಬೇಕು.

ಬಳಿಕ ಎಣಿಸಬೇಕಾದದ್ದು ಉಳಿಯುವ ರಾತ್ರಿಗಳನ್ನು. ಒಂದು ಊರಿಗೆ ಕನಿಷ್ಠ ಎರಡು ರಾತ್ರಿ ಎಂದು ಇಟ್ಟುಕೊಂಡರೆ ನಾಲ್ಕು ರಾತ್ರಿಗೆ ಎರಡೇ ಊರು. ಮೂರನೆಯದನ್ನು ಸೇರಿಸಿದ ಕೂಡಲೇ ಒಂದು ಹಗಲು ಗಾಡಿಯಲ್ಲಿ ಹೋಗುತ್ತದೆ. ಈ ಕಾಲದಲ್ಲಿ ಹಗಲೂ ಚಿಕ್ಕದು. ಬೆಂಗಳೂರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗಿದರೆ, ಕೊಹಿಮಾ, ಶಿಲ್ಲಾಂಗ್ ಕಡೆ ನಾಲ್ಕೂವರೆಯ ಹೊತ್ತಿಗೇ ಮುಳುಗುತ್ತಾನೆ.

2. ಜೊತೆಗೆ ಬರುವವರ ಪಟ್ಟಿ ಮಾಡಿ

ಮಂಡಿನೋವಿನ ಅಜ್ಜಿ, ಬಸ್ಸಿನ ತಿರುವಿಗೆ ವಾಂತಿ ಮಾಡಿಕೊಳ್ಳುವ ಮಗು, ಚಳಿಗೆ ಉಬ್ಬಸ ಏಳುವ ಅಪ್ಪ: ಆಯ್ಕೆಯ ಅರ್ಧ ಇಲ್ಲೇ ತೀರ್ಮಾನವಾಗುತ್ತದೆ. ಮುನ್ನಾರ್, ಊಟಿಯಲ್ಲಿ ಡಿಸೆಂಬರ್ ಕೊನೆ ಮತ್ತು ಜನವರಿಯ ಕೆಲವು ಬೆಳಗಿನ ಜಾವ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಉಬ್ಬಸದವರಿಗೆ ಅದಕ್ಕಿಂತ ಮಂಗಳೂರು, ಉಡುಪಿಯ ಬೆಚ್ಚನೆಯ ಕರಾವಳಿ ಮೇಲು.

ಮೆಟ್ಟಿಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾದಾಮಿಯ ಗುಹಾಲಯಗಳಿಗೆ ಹತ್ತಲೇಬೇಕು. ಪಟ್ಟದಕಲ್ಲು ಸಮತಟ್ಟಾದ ಹುಲ್ಲುಹಾಸಿನ ಮೇಲಿದೆ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನದವರೆಗೆ ಬ್ಯಾಟರಿ ವಾಹನ ಹೋಗುತ್ತದೆ. ಮಾತಂಗ ಬೆಟ್ಟವನ್ನು ಹರೆಯದವರಿಗೆ ಬಿಟ್ಟುಬಿಡಬಹುದು.

3. ಆ ವಾರದ ಹವೆ ತಿಳಿದುಕೊಳ್ಳಿ

‘ಡಿಸೆಂಬರ್ ಎಂದರೆ ಒಳ್ಳೆಯ ಹವೆ’ ಎಂಬ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ತಮಿಳುನಾಡಿನ ಕರಾವಳಿಗೆ ಹಿಂಗಾರು ಮಳೆಯೇ ಮುಖ್ಯ, ಅದು ಡಿಸೆಂಬರ್‌ವರೆಗೂ ಇರುತ್ತದೆ. 2023ರ ಡಿಸೆಂಬರ್ 17, 18ರಂದು ತೂತ್ತುಕುಡಿ ಜಿಲ್ಲೆಯ ಕಾಯಲ್‌ಪಟ್ಟಿಣದಲ್ಲಿ 24 ಗಂಟೆಗಳಲ್ಲಿ 90 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಶ್ರೀವೈಕುಂಠಂ ನಿಲ್ದಾಣದಲ್ಲಿ ನಿಂತುಹೋದ ರೈಲಿನಲ್ಲಿ ನೂರಾರು ಪ್ರಯಾಣಿಕರು ಸಿಲುಕಿಕೊಂಡರು. ರಾಮೇಶ್ವರ, ತಿರುಚೆಂದೂರು, ಕನ್ಯಾಕುಮಾರಿ ಮನಸ್ಸಿನಲ್ಲಿದ್ದರೆ ಹೊರಡುವ ವಾರ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ದಿನವೂ ನೋಡಬೇಕು.

ಉತ್ತರದಲ್ಲಿ ಮಂಜಿನ ಕಾಟ. ಡಿಸೆಂಬರ್ ಕೊನೆಯಿಂದ ದೆಹಲಿ, ಆಗ್ರಾ, ವಾರಾಣಸಿ ಕಡೆಯ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ವಿಮಾನಗಳೂ ರದ್ದಾಗುತ್ತವೆ. ಆ ಕಡೆ ಹೋಗುವವರು ವಾಪಸು ಬಂದ ಮರುದಿನವೇ ಕೆಲಸಕ್ಕೆ ಹಾಜರಾಗುವ ಲೆಕ್ಕ ಹಾಕಬಾರದು. ತಾಜ್ ಮಹಲ್ ಶುಕ್ರವಾರ ಮುಚ್ಚಿರುತ್ತದೆ ಎಂಬುದೂ ನೆನಪಿರಲಿ.

ಹಿಮ ನೋಡುವ ಆಸೆಯವರು ಹೊರಡುವುದು ಕಾಶ್ಮೀರ, ಮನಾಲಿಗೆ. ಕಾಶ್ಮೀರದಲ್ಲಿ ‘ಚಿಲ್ಲೈ ಕಲಾನ್’ ಎಂದು ಕರೆಯುವ 40 ದಿನಗಳ ಕಡು ಚಳಿ ಶುರುವಾಗುವುದೇ ಡಿಸೆಂಬರ್ 21ಕ್ಕೆ. 2024ರ ಡಿಸೆಂಬರ್ ಕೊನೆಯ ವಾರ ಮನಾಲಿ ಬಳಿಯ ಸೋಲಾಂಗ್‌ನಲ್ಲಿ ದಿಢೀರ್ ಹಿಮ ಬಿದ್ದು ಸಾವಿರಾರು ಪ್ರವಾಸಿಗರು ರಸ್ತೆಯಲ್ಲೇ ಸಿಲುಕಿದ್ದರು. ಅಲ್ಲಿಗೆ ಹೋಗುವವರು ಕೈಯಲ್ಲಿ ಎರಡು ದಿನ ಹೆಚ್ಚುವರಿ ಇಟ್ಟುಕೊಂಡೇ ಹೊರಡಬೇಕು.

ಜಲಪಾತಗಳಿಗೆ ಇದು ಕಾಲವಲ್ಲ. 253 ಮೀಟರ್ ಎತ್ತರದ ಜೋಗ ಮೈದುಂಬಿ ಧುಮುಕುವುದು ಮಳೆಗಾಲದಲ್ಲಿ. ಡಿಸೆಂಬರ್‌ನಲ್ಲಿ ನೀರು ಸೊರಗಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರ, ಕಲಬುರಗಿ, ಬಂಡೆಗಳೇ ಕಾದು ನಿಲ್ಲುವ ಹಂಪಿ, ಐಹೊಳೆ ಈಗ ನಡುಮಧ್ಯಾಹ್ನವೂ ತಿರುಗಾಡುವಷ್ಟು ಹಿತವಾಗಿರುತ್ತವೆ.

4. ಪಂಚಾಂಗ ತೆರೆದು ನೋಡಿ

ಡಿಸೆಂಬರ್‌ನ ಜನಸಂದಣಿಗೆ ಕ್ರಿಸ್‌ಮಸ್ ಒಂದೇ ಕಾರಣವಲ್ಲ. ನವೆಂಬರ್ ಮಧ್ಯದಲ್ಲಿ ಶುರುವಾಗುವ ಶಬರಿಮಲೆ ಯಾತ್ರೆಯ ಮಂಡಲ ಪೂಜೆ ಮುಗಿಯುವುದು ಕ್ರಿಸ್‌ಮಸ್ ಆದ ಒಂದೆರಡು ದಿನದಲ್ಲಿ. ಕೊಟ್ಟಾಯಂ, ಚೆಂಗನ್ನೂರು ಕಡೆಯ ರೈಲುಗಳಲ್ಲಿ ಆಗ ಪ್ರವಾಸಿಗರಿಗೂ ಮಾಲಾಧಾರಿಗಳಿಗೂ ಒಟ್ಟಿಗೇ ಸೀಟು ಬೇಕು. ವೈಕುಂಠ ಏಕಾದಶಿ 2023ರಲ್ಲಿ ಡಿಸೆಂಬರ್ 23ಕ್ಕೆ, 2025ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು. ಅಂಥ ವರ್ಷ ‘ಹಾಗೇ ತಿರುಪತಿಗೂ ಹೋಗಿಬರೋಣ’ ಎನ್ನುವಂತಿಲ್ಲ, ದರ್ಶನದ ಟಿಕೆಟ್ ಮೊದಲೇ ಕೈಯಲ್ಲಿರಬೇಕು.

ಚಿಕ್ಕಮಗಳೂರಿಗೆ ಹೋಗುವವರು ದತ್ತ ಜಯಂತಿ ಯಾವತ್ತು ಎಂದು ನೋಡಿಕೊಳ್ಳಬೇಕು. ಮಾರ್ಗಶಿರ ಹುಣ್ಣಿಮೆಯ ಆ ದಿನ 2023ರಲ್ಲಿ ಡಿಸೆಂಬರ್ 26ಕ್ಕೆ ಬಿದ್ದಿತ್ತು. ಆ ಆಸುಪಾಸಿನಲ್ಲಿ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಕಡೆಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಶಾಲಾ ಪ್ರವಾಸದ ಬಸ್ಸುಗಳು ಹೊರಡುವುದೂ ಡಿಸೆಂಬರ್‌ನಲ್ಲೇ. ಮೈಸೂರು ಅರಮನೆ, ಬೇಲೂರು, ಹಳೇಬೀಡಿನಲ್ಲಿ ಬೆಳಿಗ್ಗೆ ಬೇಗ ಒಳಗೆ ಹೋದವರಿಗಷ್ಟೇ ನಿಧಾನವಾಗಿ ನೋಡುವ ಭಾಗ್ಯ.

5. ಆ ವಾರ ಯಾವ ಊರಿನ ಸುಗ್ಗಿ?

ಮುಖ್ಯ ಹೆಜ್ಜೆ ಇದು. ಮೊದಲ ನಾಲ್ಕರಲ್ಲಿ ಸೋಸಿ ಉಳಿದ ಊರುಗಳಲ್ಲಿ, ಡಿಸೆಂಬರ್ ಕೊನೆಗಷ್ಟೇ ಸಿಗುವಂಥದ್ದು ಎಲ್ಲಿದೆ ಎಂದು ನೋಡಬೇಕು.

ಹಬ್ಬವನ್ನೇ ನೋಡುವ ಮನಸ್ಸಿದ್ದರೆ ಮಂಗಳೂರು ಇದೆ. ಚರ್ಚುಗಳ ಅಂಗಳದಲ್ಲಿ, ಮನೆಗಳ ಜಗಲಿಯಲ್ಲಿ ಗೋದಲಿ, ನಕ್ಷತ್ರದ ಗೂಡುದೀಪ. ಬೇಕರಿಗಳಲ್ಲಿ ಕಿಡ್ಯೊ, ನೆವ್ರ್ಯೊ, ಗುಳಿಯೊ ಸೇರಿದ ಹಬ್ಬದ ತಿಂಡಿಗಳ ಕುಸ್ವಾರ್ ಸಿಗುವ ಕಾಲ ಇದೇ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡುಗಳ ಮೇಲೆ ಇಟಲಿಯ ಅಂತೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಯಲ್ಲಿ ಬರೆದ ಚಿತ್ರಗಳಿವೆ. ವಾರಾಂತ್ಯಕ್ಕೆ ಕಂಬಳ, ರಾತ್ರಿಗೆ ಯಕ್ಷಗಾನ. ತಿರುಗಾಟಕ್ಕೆ ಹೊರಟ ಮೇಳಗಳ ಹರಕೆಯ ಬಯಲಾಟಕ್ಕೆ ಟಿಕೆಟ್ಟೂ ಇಲ್ಲ. ಒಂದೇ ವಾರದಲ್ಲಿ ಇಷ್ಟೆಲ್ಲ ಕೂಡಿಬರುವ ಊರು ರಾಜ್ಯದಲ್ಲಿ ಇನ್ನೊಂದಿಲ್ಲ.

ಹಕ್ಕಿಗಳ ಹುಚ್ಚಿರುವ ಮಕ್ಕಳಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲ ಬಂತೆಂದರೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಹಿಂಡುಹಿಂಡಾಗಿ ಬರುತ್ತವೆ. ಹೊಲಗಳಲ್ಲಿ ಮೇದು ಹಗಲು ಕೆರೆಯಲ್ಲಿ ವಿಶ್ರಮಿಸುತ್ತವೆ. 2024ರಲ್ಲಿ ಈ ಕೆರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು.

ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎಳ್ಳು ಅಮಾವಾಸ್ಯೆಯೂ ಇದೇ ಆಸುಪಾಸಿನಲ್ಲಿ ಬರುತ್ತದೆ, 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುತ್ತಾರೆ. ಆ ಭಾಗದಲ್ಲಿ ಗೆಳೆಯರೋ ನೆಂಟರೋ ಇದ್ದರೆ ಗೋಳಗುಮ್ಮಟದ ಜೊತೆಗೆ ಹೊಲದ ಊಟವೂ ಆಗುತ್ತದೆ. ಎಳೆ ಜೋಳದ ಸೀತನಿ ಸುಡುವ ದಿನಗಳೂ ಅಲ್ಲಿಂದ ಮುಂದೆ ಹತ್ತಿರವೇ.

ಸಂಗೀತದ ಮನೆಯವರಿಗೆ ಚೆನ್ನೈ. ಡಿಸೆಂಬರ್ ಮಧ್ಯದಿಂದ ಜನವರಿವರೆಗೆ ಮಾರ್ಗಳಿ ಕಛೇರಿಗಳ ಕಾಲ. 1928ರಲ್ಲಿ ಹುಟ್ಟಿದ ಮ್ಯೂಸಿಕ್ ಅಕಾಡೆಮಿಯಿಂದ ಮೊದಲುಗೊಂಡು ಹತ್ತಾರು ಸಭಾಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಕಛೇರಿ, ಸಭಾಗಳ ಕ್ಯಾಂಟೀನಿನಲ್ಲಿ ಎಲೆ ಊಟ. ಹೊಸ ವರ್ಷದ ಸಂಭ್ರಮ ಬೇಕಿದ್ದರೆ ಫೋರ್ಟ್ ಕೊಚ್ಚಿ: ಡಿಸೆಂಬರ್ ಕೊನೆಯ ದಿನಗಳಲ್ಲಿ ಕೊಚ್ಚಿನ್ ಕಾರ್ನಿವಲ್ ನಡೆದು, 31ರ ನಡುರಾತ್ರಿ ‘ಪಪ್ಪಾಂಜಿ’ ಎಂಬ ಮುದುಕನ ಪ್ರತಿಕೃತಿಯನ್ನು ಸುಡುವುದರೊಂದಿಗೆ ಹಳೆಯ ವರ್ಷ ಮುಗಿಯುತ್ತದೆ.

ಈಶಾನ್ಯ ರಾಜ್ಯಗಳ ಕ್ರಿಸ್‌ಮಸ್ ನೋಡುವ ಆಸೆ ಹಲವರಿಗೆ. ಆದರೆ ನಾಗಾಲ್ಯಾಂಡ್‌ನ ಹಾರ್ನ್‌ಬಿಲ್ ಉತ್ಸವ ನಡೆಯುವುದು ಡಿಸೆಂಬರ್ 1ರಿಂದ 10ರವರೆಗೆ, ರಜೆಗೆ ಹೊರಡುವ ಹೊತ್ತಿಗೆ ಮುಗಿದಿರುತ್ತದೆ. ಮಿಜೋರಾಂನಲ್ಲಿ ಹಬ್ಬದ ದಿನಗಳಲ್ಲಿ ಅಂಗಡಿ ಮುಂಗಟ್ಟುಗಳೇ ಮುಚ್ಚಿರುತ್ತವೆ. ಎರಡೂ ರಾಜ್ಯಗಳಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು.

6. ದಾರಿ, ಅನುಮತಿ, ಟಿಕೆಟ್

2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಅದರಂತೆ ಡಿಸೆಂಬರ್ 24ಕ್ಕೆ ಹೊರಡುವ ರೈಲಿನ ಟಿಕೆಟ್ ತೆರೆಯುವುದು ಅಕ್ಟೋಬರ್ 25ರ ಬೆಳಿಗ್ಗೆ 8ಕ್ಕೆ. 28ಕ್ಕೆ ವಾಪಸಾದರೆ ಅದರ ಟಿಕೆಟ್ ಅಕ್ಟೋಬರ್ 29ಕ್ಕೆ. ಎರಡನ್ನೂ ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಬೇಕು. ತತ್ಕಾಲ್ ಹಿಂದಿನ ದಿನ ತೆರೆಯುತ್ತದೆ, ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11. 2025ರ ಜುಲೈಯಿಂದ ಅದಕ್ಕೆ ಆಧಾರ್ ದೃಢೀಕರಣ ಆಗಿರಬೇಕು. ಆ ಕೆಲಸವನ್ನು ಈಗಲೇ ಮುಗಿಸಿಟ್ಟುಕೊಳ್ಳುವುದು ಒಳ್ಳೆಯದು.

ಸ್ವಂತ ಕಾರಿನವರು ಕಾಡಿನ ಗೇಟುಗಳ ಸಮಯ ತಿಳಿದಿರಬೇಕು. ಬಂಡೀಪುರದ ಮೂಲಕ ಊಟಿ, ವಯನಾಡಿಗೆ ಹೋಗುವ ರಸ್ತೆಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ನಾಗರಹೊಳೆ ಮೂಲಕ ಮಾನಂದವಾಡಿಗೆ ಹೋಗುವ ದಾರಿ ಸಂಜೆ 6ಕ್ಕೇ ಮುಚ್ಚುತ್ತದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್ ಜಾರಿಯಾಗಿದೆ. ಅದನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಮಾಡಿಸಿಕೊಂಡು ಹೊರಡಬೇಕು.

ಒಂದೇ ಆಕರ್ಷಣೆಯನ್ನು ನಂಬಿ ಇಡೀ ಪ್ರವಾಸ ಹೆಣೆಯುವುದೂ ಬೇಡ. ಹುಲಿ ದಾಳಿಗಳ ಬಳಿಕ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಸಫಾರಿಯನ್ನು ನಿಲ್ಲಿಸಲಾಯಿತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದ ಮೇಲೆ ಕಡಲತೀರವನ್ನು ಕೆಲ ದಿನ ಮುಚ್ಚಲಾಗಿತ್ತು. ಸಮುದ್ರದ ಊರಿಗೆ ಮಕ್ಕಳನ್ನು ಕರೆದೊಯ್ಯುವ ಮನೆಯವರು ಜೀವರಕ್ಷಕರಿರುವ ತೀರವನ್ನೇ ಆರಿಸಿಕೊಳ್ಳಲಿ. ಕೆಂಪು ಬಾವುಟ ಇದ್ದಲ್ಲಿ ಯಾರೂ ನೀರಿಗೆ ಇಳಿಯಬಾರದು.

7. ರೂಮಿನ ಪೂರ್ತಿ ಬಿಲ್ ಕೇಳಿ

ರೆಸಾರ್ಟ್‌ಗಳಲ್ಲಿ ಡಿಸೆಂಬರ್ 24 ಮತ್ತು 31ರ ರಾತ್ರಿ ‘ಗಾಲಾ ಡಿನ್ನರ್’ ಹೆಸರಿನಲ್ಲಿ ತಲೆಗಿಷ್ಟು ಎಂದು ಕಡ್ಡಾಯ ಶುಲ್ಕ ಹಾಕುವುದುಂಟು. ಕನಿಷ್ಠ ಮೂರು ರಾತ್ರಿ ಉಳಿಯಬೇಕೆಂಬ ನಿಯಮವೂ ಕೆಲವೆಡೆ ಇದೆ. ಮುಂಗಡ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು: ತೆರಿಗೆ ಸೇರಿ ಒಟ್ಟು ಎಷ್ಟು, ಆ ರಾತ್ರಿಗೆ ಬೇರೆ ಶುಲ್ಕ ಇದೆಯೇ, ಹೆಚ್ಚುವರಿ ಹಾಸಿಗೆಗೆ ಎಷ್ಟು, ರದ್ದು ಮಾಡಿದರೆ ಎಷ್ಟು ವಾಪಸು. ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕು.

ಗೋವಾ ಬೇಕೇ ಬೇಕು ಎನ್ನುವವರು ದಿನಗಳನ್ನು ಸರಿಸಿ ನೋಡಬಹುದು. ಡಿಸೆಂಬರ್ 23ರೊಳಗೆ ವಾಪಸಾದರೂ, ಜನವರಿ ಮೊದಲ ವಾರ ಕಳೆದು ಹೋದರೂ ಹಳೇ ಗೋವಾದ ಬಾಮ್ ಜೀಸಸ್ ಬೆಸಿಲಿಕಾ, ಪಣಜಿಯ ಫಾಂಟೇನ್ಹಾಸ್ ಬೀದಿಗಳು ಅಲ್ಲೇ ಇರುತ್ತವೆ, ಬಾಡಿಗೆ ಇಳಿದಿರುತ್ತದೆ.

ಒಂದು ಮಾದರಿ ಲೆಕ್ಕ

ಅಪ್ಪ, ಅಮ್ಮ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮೆಟ್ಟಿಲು ಹತ್ತಲಾರದ ಅಜ್ಜಿ. ಬೆಂಗಳೂರಿನಿಂದ ಹೊರಡುವ ಈ ಮನೆಗೆ ಸಿಕ್ಕಿರುವುದು ನಾಲ್ಕು ರಾತ್ರಿ. ದಿನದ ಲೆಕ್ಕದಲ್ಲಿ ಎರಡೇ ಊರು. ಅಜ್ಜಿಯ ಲೆಕ್ಕದಲ್ಲಿ ಸಮತಟ್ಟು ಜಾಗ, ಕಡಿಮೆ ಚಳಿ. ಹವೆಯ ಲೆಕ್ಕದಲ್ಲಿ ಉತ್ತರ ಕರ್ನಾಟಕ. ಸುಗ್ಗಿಯ ಲೆಕ್ಕದಲ್ಲಿ ಮಾಗಡಿ ಕೆರೆಯ ಹಕ್ಕಿಗಳು. ಬೆಂಗಳೂರಿನಿಂದ ಹೋಗುವ ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆಯಲ್ಲೂ ಗದಗಿನಲ್ಲೂ ನಿಲ್ಲುತ್ತದೆ. ಗದಗಿನಲ್ಲಿ ಇಳಿದು ಎರಡು ರಾತ್ರಿ: ತ್ರಿಕೂಟೇಶ್ವರ, ಮಾಗಡಿ ಕೆರೆಯ ಬೆಳಗು. ಮುಂದೆ ಕೊಪ್ಪಳದ ಹೆದ್ದಾರಿಯಲ್ಲೇ ಸಿಗುವ ಲಕ್ಕುಂಡಿಯ ಕಲ್ಯಾಣ ಚಾಲುಕ್ಯರ ಗುಡಿ, ಬಾವಿಗಳನ್ನು ನೋಡಿಕೊಂಡು ಹೊಸಪೇಟೆ ಸೇರಿ ಎರಡು ರಾತ್ರಿ ಹಂಪಿಗೆ. ಹಂಪಿಯ ಸುತ್ತ ರೂಮು ಬೇಗ ತುಂಬುವುದರಿಂದ ಮೊದಲು ಕಾದಿರಿಸಬೇಕಾದದ್ದು ಆ ಎರಡು ರಾತ್ರಿಗಳನ್ನು.

ವಿದೇಶದ ಯೋಚನೆ ಇದ್ದರೂ ಕ್ರಮ ಇದೇ. ಶ್ರೀಲಂಕಾದಲ್ಲಿ ಈ ಕಾಲಕ್ಕೆ ಗಾಲ್ ಇರುವ ನೈಋತ್ಯ ತೀರ ಒಣಗಿರುತ್ತದೆ, ಪೂರ್ವ ತೀರಕ್ಕೆ ಮಳೆಗಾಲ. ಥಾಯ್ಲೆಂಡ್‌ನಲ್ಲಿ ಫುಕೆಟ್, ಕ್ರಾಬಿಗೆ ಒಳ್ಳೆಯ ಹವೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳು ಅವಧಿ ಉಳಿದಿದೆಯೇ ಎಂದು ಟಿಕೆಟ್ ಕೊಳ್ಳುವ ಮೊದಲೇ ನೋಡಬೇಕು.

ಡಿಸೆಂಬರ್ 20 ದಾಟಿದ ಮೇಲೆ ಮನಸ್ಸು ಮಾಡುವವರು ರೂಮಿನ ಹಂಗಿಲ್ಲದ ಜಾಗ ಆರಿಸಿಕೊಳ್ಳಲಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಸೋಮನಾಥಪುರ, ಅಲ್ಲಿಂದ ತಲಕಾಡು, ಇಲ್ಲವೇ ಮೇಲುಕೋಟೆ, ಇಲ್ಲವೇ ಆಂಧ್ರದ ಗಡಿಯಾಚೆಯ ಲೇಪಾಕ್ಷಿ. ಎಲ್ಲವೂ ಬೆಂಗಳೂರಿನಿಂದ ಹೋಗಿ ಸಂಜೆಗೆ ವಾಪಸಾಗುವ ದೂರದಲ್ಲಿವೆ. ಮೈಸೂರಿನಲ್ಲಿ ಒಂದು ರಾತ್ರಿ ಉಳಿಯಲು ನೆಂಟರ ಮನೆ ಇದ್ದರೆ, ಅರಮನೆ ಅಂಗಳದ ಮಾಗಿ ಉತ್ಸವದ ಫಲಪುಷ್ಪ ಪ್ರದರ್ಶನ ಮತ್ತು ಸೇಂಟ್ ಫಿಲೋಮಿನಾ ಚರ್ಚಿನ ದೀಪಾಲಂಕಾರ ಎರಡನ್ನೂ ಒಂದೇ ಸಂಜೆ ನೋಡಬಹುದು. ಮರುದಿನ ಮೃಗಾಲಯಕ್ಕೆ ಹೋಗುವುದಾದರೆ ಅದು ಮಂಗಳವಾರ ಆಗದಂತೆ ನೋಡಿಕೊಳ್ಳಬೇಕು, ಅಂದು ಅದಕ್ಕೆ ವಾರದ ರಜೆ.