ಟರ್ಮಿನಲ್ ತೆರೆಯ ಬಣ್ಣ ಮತ್ತು ಕನ್ನಡದ ಅಕ್ಷರ: ‘ಹುಲಗೂರು’ ಪದದ ನಿದರ್ಶನ

ಶಿಶುನಾಳ ಷರೀಫರ (1819–1889) ತತ್ತ್ವಪದಗಳು ಬಾಯಿಂದ ಬಾಯಿಗೆ ಹರಿದು ಬಂದವು. ಆದುದರಿಂದ ಅವುಗಳ ಪಾಠಾಂತರಗಳು ವಿಪುಲ. ಶಿಗ್ಗಾವಿ ತಾಲ್ಲೂಕಿನ ಹುಲಗೂರು ಈ ಪರಂಪರೆಯೊಡನೆ ನಂಟುಳ್ಳ ಊರು. ಷರೀಫರ ತಂದೆ ಇಮಾಮ ಸಾಹೇಬರು ಅಲ್ಲಿನ ಖಾದರಿ ಸೂಫಿಗಳಿಗೆ ನಡೆದುಕೊಳ್ಳುತ್ತಿದ್ದರೆಂಬ ಪ್ರತೀತಿಯಿದೆ. ಇಂತಹ ಸ್ಥಳನಾಮವೊಂದನ್ನು ಗಣಕೀಕೃತ ಪಠ್ಯರಾಶಿಯಲ್ಲಿ ಹುಡುಕಿ, ದೊರೆತ ರೂಪವನ್ನು ಬಣ್ಣದಿಂದ ಎತ್ತಿ ತೋರಿಸುವಾಗ ಎದುರಾಗುವ ಭಾಷಿಕ ತೊಡಕನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಟರ್ಮಿನಲ್‌ನಲ್ಲಿ ಬಣ್ಣವೆಂಬುದು ಪಠ್ಯದ ನಡುವೆಯೇ ಸೇರಿಸುವ ಸಂಕೇತ. 1976ರಲ್ಲಿ ಮೊದಲು ಪ್ರಕಟವಾದ ಎಕ್ಮಾ-48 ಮಾನಕದ ಪರಂಪರೆಗೆ ಸೇರಿದ ಈ ಸಂಕೇತವು 27ನೆಯ ಸಂಖ್ಯೆಯ ‘ಎಸ್ಕೇಪ್’ ಚಿಹ್ನೆಯಿಂದ ಆರಂಭವಾಗುತ್ತದೆ. ಅದರ ಮುಂದೆ ಚೌಕ ಆವರಣ, ಬಣ್ಣದ ಅಂಕಿ, ‘ಎಮ್’ ಅಕ್ಷರ ಬರುತ್ತವೆ. 31 ಕೆಂಪು, 32 ಹಸಿರು. 0 ಬಂದರೆ ತೆರೆ ಯಥಾಸ್ಥಿತಿಗೆ ಮರಳುತ್ತದೆ. ‘ಗ್ರೆಪ್’ ಎಂಬ ಶೋಧಕವು ದೊರೆತ ಭಾಗವನ್ನು ಹೀಗೆಯೇ ಕೆಂಪಾಗಿಸುತ್ತದೆ.

ಇಂಗ್ಲಿಷಿಗೆ ಇದು ಸುಗಮ. ಕನ್ನಡದಲ್ಲಿ ಹಾಗಲ್ಲ. ‘ಹುಲಗೂರು’ ಎಂಬಲ್ಲಿ ಅಕ್ಷರಗಳು ನಾಲ್ಕು. ಯೂನಿಕೋಡ್‌ನಲ್ಲಿ ಸಂಕೇತಗಳು ಏಳು. ಹುಲಗೂರಿನ, ಹುಲಗೂರಿಗೆ, ಹುಲಗೂರಲ್ಲಿ ಮುಂತಾದ ವಿಭಕ್ತಿರೂಪಗಳೆಲ್ಲ ಸಿಗಬೇಕಾದರೆ ಯಾವುದನ್ನು ಹುಡುಕಬೇಕು? ವೈಯಾಕರಣರ ದೃಷ್ಟಿಯಲ್ಲಿ ಇಲ್ಲಿನ ಸಮಾನಾಂಶ ‘ಹುಲಗೂರ್’. ಆದರೆ ಹಲಂತ ಚಿಹ್ನೆಯೊಡನೆ ಹುಡುಕಿದರೆ ಇವುಗಳಲ್ಲಿ ಒಂದೂ ದೊರೆಯದು, ಏಕೆಂದರೆ ಯಾವ ರೂಪದಲ್ಲಿಯೂ ಆ ಚಿಹ್ನೆ ರಕಾರದ ಮುಂದಿಲ್ಲ. ‘ಹುಲಗೂರ’ ಎಂದು ಹುಡುಕಬೇಕು. ನೋಟಕ್ಕೆ ಇದು ಆಡುನುಡಿಯ ಷಷ್ಠೀರೂಪ. ಯಂತ್ರಕ್ಕೆ ಮಾತ್ರ ಎಲ್ಲ ರೂಪಗಳ ಮೊದಲ ಆರು ಸಂಕೇತಗಳು.

ತೊಡಕು ಇಲ್ಲಿಯೇ ಹುಟ್ಟುತ್ತದೆ. ಬಣ್ಣ ಮುಗಿಸುವ ಸಂಕೇತವು ರಕಾರಕ್ಕೂ ಅದರ ಕೊಂಬಿಗೂ ನಡುವೆ ಬೀಳುತ್ತದೆ. ಕೆಲವು ಟರ್ಮಿನಲ್‌ಗಳಲ್ಲಿ ಕೊಂಬು ಕಳಚಿ ಚುಕ್ಕೆಯ ವೃತ್ತದೊಡನೆ ಬೇರೆ ನಿಲ್ಲುತ್ತದೆ. ಕನ್ನಡದಲ್ಲಿ ಪ್ರಕೃತಿ ಪ್ರತ್ಯಯಗಳ ಗಡಿ ಅನೇಕ ವೇಳೆ ಅಕ್ಷರದ ಒಳಗೇ ಇರುವುದರಿಂದ ಇದನ್ನು ತಂತ್ರಾಂಶದ ಸಣ್ಣ ದೋಷವೆಂದು ತಳ್ಳಿಹಾಕಲಾಗದು.

ಕಣ್ಣಿಗೆ ಕಾಣುವ ಈ ವಿಕಾರ ಸಹ್ಯವೇ. ಬಣ್ಣ ಸಹಿತ ಫಲಿತಾಂಶವನ್ನು ಕಡತದಲ್ಲಿ ಉಳಿಸಿಕೊಂಡಾಗ ಆಗುವ ಹಾನಿ ಅದಕ್ಕಿಂತ ದೊಡ್ಡದು. ಸಂಕೇತಗಳು ಪಠ್ಯದೊಳಗೇ ಉಳಿಯುತ್ತವೆ. ಆ ಕಡತದಲ್ಲಿ ಮುಂದೆ ‘ಹುಲಗೂರು’ ಎಂದು ಹುಡುಕಿದರೆ ರಕಾರದ ಬಳಿಕ ಕೊಂಬಿನ ಬದಲು ಎಸ್ಕೇಪ್ ಚಿಹ್ನೆ ಬರುವುದರಿಂದ ಪದ ಸಿಗುವುದಿಲ್ಲ. ಸಂಶೋಧಕನು ಪ್ರಯೋಗವೇ ಇಲ್ಲವೆಂದು ಬರೆದುಬಿಡಬಹುದು! ಗ್ರೆಪ್‌ನ ಬಣ್ಣದ ಆಯ್ಕೆಯನ್ನು ‘ಆಟೋ’ ಸ್ಥಿತಿಯಲ್ಲಿಟ್ಟರೆ ಬಣ್ಣ ತೆರೆಗಷ್ಟೇ ಸೀಮಿತವಾಗುತ್ತದೆ. ‘ಆಲ್ವೇಸ್’ ಸ್ಥಿತಿ ಪಠ್ಯಸಂಪಾದಕನಿಗೆ ಸಲ್ಲದು.

ಅಕ್ಷರ ಒಡೆಯದಿರಲು, ಶೋಧದ ಕೊನೆಯಲ್ಲಿ ಸ್ವರಚಿಹ್ನೆ ಇದ್ದಲ್ಲಿ ಅದನ್ನೂ ಒಳಗೊಳ್ಳುವಂತೆ ವಿನ್ಯಾಸವನ್ನು ವಿಸ್ತರಿಸಬೇಕು. ಆಗ ‘ಹುಲಗೂರಿ’ ಎಂಬವರೆಗೆ ಕೆಂಪು ಹರಡುತ್ತದೆ. ವ್ಯಾಕರಣದ ಗಡಿ ತಪ್ಪಿದರೂ ಲಿಪಿ ಉಳಿಯುತ್ತದೆ. ಒತ್ತಕ್ಷರಗಳಲ್ಲಿ ಸಮಸ್ಯೆ ಇನ್ನೂ ಜಟಿಲ. ‘ಶಿಗ್ಗಾವಿ’ಯಲ್ಲಿ ಮೊದಲ ಗಕಾರ, ಹಲಂತಗಳವರೆಗೆ ಬಣ್ಣ ಹಚ್ಚಿದರೆ ಒತ್ತು ಬಿಡಿಯಾಗಿ ಇಳಿದುಹೋಗಬಹುದು. ಒತ್ತಕ್ಷರವನ್ನು ಅಖಂಡ ಘಟಕವಾಗಿ ಪರಿಗಣಿಸುವ ನಿಯಮವನ್ನು ಯೂನಿಕೋಡ್ 2023ರ 15.1ನೆಯ ಆವೃತ್ತಿಯಲ್ಲಿ ತೆಲುಗು, ಮಲಯಾಳಂ, ದೇವನಾಗರಿ ಮೊದಲಾದ ಲಿಪಿಗಳಿಗೆ ಅಳವಡಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ನಿಯಮವನ್ನಷ್ಟೇ ನೆಚ್ಚಿದ ತಂತ್ರಾಂಶವು ತೆಲುಗಿನ ಒತ್ತನ್ನು ಕಾಯ್ದು ಕನ್ನಡದ ಒತ್ತನ್ನು ಒಡೆಯುತ್ತದೆ.