ಬೇರಿನ ಬಳಿಯ ಸಣ್ಣ ಜೀವಿಗಳು: ರೋಗ ತಡೆಯಲು, ಮಣ್ಣು ಶುದ್ಧಮಾಡಲು



ಬ್ಯಾಕ್ಟೀರಿಯಾ ಅಂದ ಕೂಡಲೇ ನಮಗೆ ನೆನಪಾಗುವುದು ಕಾಲರಾ, ಟೈಫಾಯ್ಡ್, ಕ್ಷಯ. ಆದರೆ ಎಲ್ಲ ಬ್ಯಾಕ್ಟೀರಿಯಾ ಕೆಟ್ಟವಲ್ಲ. ಹಾಲಿಗೆ ಹೆಪ್ಪು ಹಾಕುವಾಗ ನಾವು ದಿನಾ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಸಾಕುತ್ತೇವೆ. ಗಿಡದ ಬೇರಿನಲ್ಲೂ ಅಂಥವು ಇವೆ. ಸಾಲ ತೆಗೆದು ತರಕಾರಿ ಬೆಳೆಯುವ ನಾವು ಇವುಗಳನ್ನು ತಿಳಿದುಕೊಂಡರೆ ಔಷಧಿ ಖರ್ಚು ಉಳಿದೀತು, ಮೋಸ ಹೋಗುವುದೂ ತಪ್ಪೀತು.

ಬೇರಿನಲ್ಲಿ ಏನಿದೆ?

ಒಂದು ಅಲಸಂದೆ ಗಿಡವನ್ನು ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ. ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ಅದು ರೋಗವಲ್ಲ, ರೈಜೋಬಿಯಂ ಎಂಬ ಬ್ಯಾಕ್ಟೀರಿಯಾದ ಮನೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಆಹಾರ ಮಾಡಿ ಕೊಡುತ್ತದೆ.

ಗಂಟು ಇಲ್ಲದ ಮೆಣಸು, ಟೊಮೆಟೊ, ಬದನೆ ಗಿಡಗಳ ಬೇರೂ ಸಿಹಿ ಅಂಶವನ್ನು ಹೊರಗೆ ಬಿಡುತ್ತದೆ. ಅದನ್ನು ತಿನ್ನಲು ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಬೇರಿನ ಸುತ್ತ ಸೇರುತ್ತವೆ. ಬೇರಿಗೆ ತಾಗಿದ ಈ ಮಣ್ಣಿಗೆ 1904ರಲ್ಲಿ ಜರ್ಮನಿಯ ವಿಜ್ಞಾನಿ ಲೊರೆನ್ಸ್ ಹಿಲ್ಟ್ನರ್ ‘ರೈಜೋಸ್ಫಿಯರ್’ ಎಂದು ಹೆಸರಿಟ್ಟರು.

ರೋಗವನ್ನು ಹೇಗೆ ತಡೆಯುತ್ತವೆ?

ಅಂಗಡಿಯಲ್ಲಿ ಸಿಗುವ ಸ್ಯೂಡೊಮೊನಾಸ್ ಪುಡಿಯಲ್ಲಿ ಇರುವುದು ಇಂಥ ಬ್ಯಾಕ್ಟೀರಿಯಾ. (ಪಕ್ಕದಲ್ಲೇ ಇಡುವ ಟ್ರೈಕೋಡರ್ಮಾ ಬ್ಯಾಕ್ಟೀರಿಯಾ ಅಲ್ಲ, ಒಳ್ಳೆಯ ಶಿಲೀಂಧ್ರ.) ಸ್ಯೂಡೊಮೊನಾಸ್ ಹೀಗೆ ಕೆಲಸ ಮಾಡುತ್ತದೆ:

1. ಬೇರಿನ ಮೇಲೆ ಮೊದಲೇ ಜಾಗ ಹಿಡಿಯುತ್ತದೆ.
2. ಮಣ್ಣಿನ ಕಬ್ಬಿಣದ ಅಂಶವನ್ನು ತಾನೇ ಎಳೆದುಕೊಂಡು ರೋಗಾಣುಗಳಿಗೆ ಸಿಗದಂತೆ ಮಾಡುತ್ತದೆ. ಅವುಗಳನ್ನು ಕೊಲ್ಲುವ ವಸ್ತುಗಳನ್ನೂ ಬಿಡುತ್ತದೆ.
3. ಗಿಡವನ್ನು ಎಚ್ಚರಿಸುತ್ತದೆ. ಮಗುವಿಗೆ ಲಸಿಕೆ ಹಾಕಿದ ಹಾಗೆ, ಗಿಡ ಮುಂದೆ ಬರುವ ರೋಗಕ್ಕೆ ಸಿದ್ಧವಾಗುತ್ತದೆ.

ಇದರಿಂದಲೇ ತಿಳಿಯುತ್ತದೆ, ಇದು ರೋಗ ಬರುವ ಮೊದಲು ಹಾಕುವಂಥದ್ದು. ಗಿಡ ಬಾಡಿದ ಮೇಲೆ ತಂದು ಸುರಿದರೆ ದುಡ್ಡು ದಂಡ.

ಬಳಸುವ ರೀತಿ

• ಬೀಜಕ್ಕೆ: 1 ಕೆ.ಜಿ. ಬೀಜಕ್ಕೆ 10 ಗ್ರಾಂ. ತಣ್ಣಗಾದ ಗಂಜಿ ನೀರಿನಲ್ಲಿ ಕಲಸಿ ಹಚ್ಚಿ, ನೆರಳಿನಲ್ಲಿ ಒಣಗಿಸಿ. ಮೆಣಸಿನ ಸಣ್ಣ ಪೊಟ್ಟಣಕ್ಕೆ ಒಂದು ಚಿಟಿಕೆ ಸಾಕು.
• ಸಸಿಗೆ: 1 ಲೀಟರ್ ನೀರಿಗೆ 10 ಗ್ರಾಂ ಕಲಸಿ, ನಾಟಿಗೆ ಮೊದಲು ಬೇರನ್ನು 30 ನಿಮಿಷ ಅದ್ದಿಡಿ.
• ಮಣ್ಣಿಗೆ: ಎಕರೆಗೆ 1 ಕೆ.ಜಿ. ಪುಡಿಯನ್ನು 20 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಮಣ್ಣು ತೇವವಿದ್ದಾಗ ಸಂಜೆ ಹೊತ್ತು ಹಾಕಿ.

ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ.

ಪೊಟ್ಟಣದೊಳಗೆ ಇರುವುದು ಜೀವ ಎಂಬುದನ್ನು ಮರೆಯಬೇಡಿ. ಅವಧಿ ಮುಗಿದದ್ದನ್ನು, ಬಿಸಿಲಿಗೆ ಇಟ್ಟದ್ದನ್ನು ಕೊಳ್ಳಬೇಡಿ. ಮೈಲುತುತ್ತದ ಔಷಧಿಗಳ ಜೊತೆ ಬೆರೆಸಿದರೆ ಅದು ಸಾಯುತ್ತದೆ. ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಬೇಕಾದಷ್ಟೇ ತನ್ನಿ, ರಸೀದಿ ಕೇಳಿ ಪಡೆಯಿರಿ.

ಒಂದು ಸುಲಭ ಪರೀಕ್ಷೆ

ಟೊಮೆಟೊ ಗಿಡ ಹಸಿರಾಗಿದ್ದಾಗಲೇ ದಿಢೀರ್ ಬಾಡಿದರೆ, ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಹಾಕಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಕೆಟ್ಟ ಬ್ಯಾಕ್ಟೀರಿಯಾದಿಂದ ಬಂದ ಸೊರಗು ರೋಗ. ಅಂಥ ಗಿಡ ಬದುಕುವುದಿಲ್ಲ. ಬೇರುಸಹಿತ ಕಿತ್ತು ಸುಡಿ. ಆ ಪಾತಿಯ ನೀರು ಪಕ್ಕದ ಪಾತಿಗೆ ಹೋಗದಿರಲಿ. ಮುಂದಿನ ಸಲ ಅಲ್ಲಿ ಟೊಮೆಟೊ, ಬದನೆ, ಮೆಣಸು ಬೇಡ. ಜೋಳ ಅಥವಾ ರಾಗಿ ಹಾಕಿ.

ಕೆಟ್ಟ ಮಣ್ಣನ್ನು ಶುದ್ಧ ಮಾಡುತ್ತವೆಯೆ?

ಕೆಲವನ್ನು ಮಾಡುತ್ತವೆ. ಎಣ್ಣೆ, ಡೀಸೆಲ್, ಕೆಲವು ಕೀಟನಾಶಕಗಳನ್ನು ಬ್ಯಾಕ್ಟೀರಿಯಾ ತಿಂದು ಒಡೆಯಬಲ್ಲವು. ಟೇರಿ ಸಂಸ್ಥೆ ತಯಾರಿಸಿದ ‘ಆಯಿಲ್‌ಝಾಪರ್’ ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ತೈಲ ಸೋರಿದ ನೆಲಕ್ಕೆ ಬಳಸಿದ್ದಾರೆ. ಅಂಥ ನೆಲದಲ್ಲಿ ಹುಲ್ಲು ಬೆಳೆಸಿದರೆ ಬೇರು ಈ ಜೀವಿಗಳಿಗೆ ಆಹಾರ, ಗಾಳಿ ಒದಗಿಸುತ್ತದೆ, ಕೆಲಸ ಬೇಗ ಸಾಗುತ್ತದೆ.

ಆದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಅವು ಮಣ್ಣಿನಲ್ಲೇ ಉಳಿಯುತ್ತವೆ, ಇಲ್ಲವೆ ಗಿಡದೊಳಗೆ ಸೇರುತ್ತವೆ. ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆ ನೀರನ್ನು ವೃಷಭಾವತಿ ನದಿ ದಶಕಗಳ ಕಾಲ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೊತ್ತು ತಂದಿತು. ಆ ನೀರಿನಲ್ಲೇ ಸುತ್ತಲ ಜನ ಬೆಳೆ ಬೆಳೆದರು. ಇಂಥ ನೀರು, ಹಳೇ ಬ್ಯಾಟರಿ ಒಡೆದ ಜಾಗ, ಕಸ ಸುಟ್ಟ ಜಾಗದಲ್ಲಿ ಸೊಪ್ಪು ಹಾಕಬೇಡಿ. ಸೊಪ್ಪು ಎಷ್ಟು ಹಸಿರಾಗಿದ್ದರೂ ಒಳಗೆ ವಿಷ ಇರಬಹುದು. ತೊಳೆದರೂ ಬೇಯಿಸಿದರೂ ಒಳಗಿನ ಲೋಹ ಹೋಗುವುದಿಲ್ಲ. ಸೀಸದಿಂದ ಹೆಚ್ಚು ಹಾನಿ ಆಗುವುದು ಚಿಕ್ಕ ಮಕ್ಕಳ ಮಿದುಳಿಗೆ. “ಈ ಪುಡಿ ಹಾಕಿದರೆ ಎಲ್ಲ ವಿಷ ಹೋಗುತ್ತೆ” ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸದಸ್ಯೆಯರು ತರಕಾರಿಗೆ ಯಾವ ನೀರು ಹಾಯಿಸುತ್ತಿದ್ದಾರೆ? ಅದು ಎಲ್ಲಿಂದ ಬರುತ್ತದೆ?
2. ಕಳೆದ ವರ್ಷ ಔಷಧಿಗೆ ಎಷ್ಟು ಖರ್ಚಾಯಿತು? ಅದರಲ್ಲಿ ರೋಗ ಬಂದ ಮೇಲೆ ತಂದದ್ದು ಎಷ್ಟು?
3. ಈ ಸಲ ಎರಡು ಪಾತಿ ಸಸಿ ಮಾಡೋಣ. ಒಂದರ ಬೀಜಕ್ಕೆ ಸ್ಯೂಡೊಮೊನಾಸ್ ಹಚ್ಚಿ, ಇನ್ನೊಂದಕ್ಕೆ ಬೇಡ. ಎಷ್ಟು ಸಸಿ ಉಳಿದವು ಎಂದು ಎಣಿಸಿ ಸಂಘದ ಪುಸ್ತಕದಲ್ಲಿ ಬರೆದಿಡಿ. ನಮ್ಮ ಮಣ್ಣಿಗೆ ಇದು ಆಗುತ್ತೋ ಇಲ್ಲವೋ ಅಂತ ಆ ಲೆಕ್ಕವೇ ಹೇಳುತ್ತದೆ.