ಹಿಟ್ಲರ್‌ನ ಕೊನೆಯ ದಿನಗಳು: 'ಡೌನ್‌ಫಾಲ್' (2004)

1. ಮೂಲ ಶೀರ್ಷಿಕೆ: ಡೆರ್ ಉಂಟರ್‌ಗಾಂಗ್. ಭಾಷೆ: ಜರ್ಮನ್.

2. ನಿರ್ದೇಶಕ: ಆಲಿವರ್ ಹಿರ್ಷ್‌ಬೀಗಲ್. ಚಿತ್ರಕಥೆ, ನಿರ್ಮಾಣ: ಬೆರ್ಂಡ್ ಐಶಿಂಗರ್.

3. ಹಿಟ್ಲರ್ ಪಾತ್ರಧಾರಿ: ಬ್ರೂನೋ ಗಾಂಜ್. ಇವರು ಸ್ವಿಟ್ಜರ್ಲೆಂಡ್‌ನವರು, ಜರ್ಮನಿಯವರಲ್ಲ. ಬಹು ಆಯ್ಕೆ ಪ್ರಶ್ನೆಯಲ್ಲಿ ಎಡವಿಸುವುದು ಇಲ್ಲೇ.

4. ಆಧಾರ: ಇತಿಹಾಸಕಾರ ಯೋಆಖಿಮ್ ಫೆಸ್ಟ್ ಅವರ ಕೃತಿ, ಹಿಟ್ಲರ್‌ನ ಕಾರ್ಯದರ್ಶಿ ಟ್ರೌಡ್ಲ್ ಯುಂಗೆ ಅವರ ನೆನಪುಗಳು.

5. ಆಸ್ಕರ್: ಅತ್ಯುತ್ತಮ ವಿದೇಶಿ ಭಾಷಾ ಚಿತ್ರಕ್ಕೆ ನಾಮನಿರ್ದೇಶನ ಮಾತ್ರ. ಆ ವರ್ಷ ಗೆದ್ದದ್ದು ಸ್ಪೇನ್‌ನ 'ದ ಸೀ ಇನ್‌ಸೈಡ್'.

ದಿನಾಂಕಗಳು (1945; ಕಾಲಾನುಕ್ರಮದ ಪ್ರಶ್ನೆಗೆ ಇಷ್ಟು ಸಾಕು)
• ಏಪ್ರಿಲ್ 20: ಹಿಟ್ಲರ್‌ಗೆ 56 ವರ್ಷ
• ಏಪ್ರಿಲ್ 28: ಇಟಲಿಯಲ್ಲಿ ಮುಸೊಲಿನಿಗೆ ಗುಂಡೇಟು
• ಏಪ್ರಿಲ್ 29: ಬರ್ಲಿನ್ ಬಂಕರ್‌ನಲ್ಲಿ ಎವಾ ಬ್ರೌನ್ ಜತೆ ಹಿಟ್ಲರ್ ವಿವಾಹ
• ಏಪ್ರಿಲ್ 30: ಇಬ್ಬರ ಆತ್ಮಹತ್ಯೆ
• ಮೇ 1: ಗೊಬೆಲ್ಸ್ ದಂಪತಿ ಸಾವು
• ಮೇ 2: ಬರ್ಲಿನ್ ಶರಣಾಗತಿ. ಮೇ 8 ಇಡೀ ಜರ್ಮನಿಯದು, ಎರಡನ್ನೂ ಬೆರೆಸಬೇಡಿ.

ಗೊಂದಲ: ಹಿಟ್ಲರ್‌ನ ಉಯಿಲಿನಂತೆ ರಾಷ್ಟ್ರಾಧ್ಯಕ್ಷ ಡೋನಿಟ್ಜ್, ಚಾನ್ಸಲರ್ ಗೊಬೆಲ್ಸ್. ಅದಲುಬದಲಾದ ಆಯ್ಕೆ ಬಂದೇ ಬರುತ್ತದೆ ಎಂದುಕೊಂಡು ಓದಿ.

ಸರ್ವಾಧಿಕಾರಿಗಳ ಅಂತ್ಯದ ಕುರಿತ ಇತರ ಚಿತ್ರಗಳು
• 'ಹಿಟ್ಲರ್: ದ ಲಾಸ್ಟ್ ಟೆನ್ ಡೇಸ್', 1973: ಹಿಟ್ಲರ್ ಪಾತ್ರದಲ್ಲಿ ಅಲೆಕ್ ಗಿನ್ನೆಸ್
• 'ದ ಡೆತ್ ಆಫ್ ಸ್ಟಾಲಿನ್', 2017: ಅರ್ಮಾಂಡೊ ಇಯಾನುಚಿ ನಿರ್ದೇಶನದ ವಿಡಂಬನೆ, 2018ರಲ್ಲಿ ರಷ್ಯಾದಲ್ಲಿ ಪ್ರದರ್ಶನಕ್ಕೆ ತಡೆ. ಸ್ಟಾಲಿನ್ ನಿಧನ: 1953 ಮಾರ್ಚ್ 5

ಚಾಪ್ಲಿನ್‌ರ 'ದ ಗ್ರೇಟ್ ಡಿಕ್ಟೇಟರ್' (1940) ಈ ಪಟ್ಟಿಗೆ ಸೇರದು. ಆಗ ಹಿಟ್ಲರ್ ಇನ್ನೂ ಅಧಿಕಾರದಲ್ಲಿದ್ದ.